ಕೆಳದಿ ಚೆನ್ನಮ್ಮನ ದೃಶ್ಯಕ್ಕೆ ವೇಷ: ಯಾವುದು 1689ರದ್ದು, ಯಾವುದು ಕ್ಯಾಲೆಂಡರಿನದ್ದು?

ಸಾಗರದಂಚು
ಕಾಲೇಜಿನ ವಾರ್ಷಿಕೋತ್ಸವಕ್ಕೆ 20 ನಿಮಿಷದ ದೃಶ್ಯ. ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ರಾಣಿ ಚೆನ್ನಮ್ಮ ಆಶ್ರಯ ಕೊಡುವ ಸಂದರ್ಭ. ಬಯಲು ರಂಗ, ಸಂಜೆ ಆರೂವರೆ. ಪಾತ್ರಗಳು: ಚೆನ್ನಮ್ಮ, ಇಬ್ಬರು ಸಖಿಯರು, ಮಂತ್ರಿ, ನಾಲ್ಕು ಕಾವಲುಗಾರರು, ರಾಜಾರಾಮ ಮತ್ತು ಅವನ ಜೊತೆಗೆ ಮೂವರು. ಕೊನೆಗೆ ಎಂಟು ಹುಡುಗಿಯರ ಕೋಲಾಟ. ಬಾಡಿಗೆ ಅಂಗಡಿಯಲ್ಲಿ ತೋರಿಸಿದ್ದು ಗುಲಾಬಿ ಸ್ಯಾಟಿನ್ ಸೀರೆ, ಪ್ಲಾಸ್ಟಿಕ್ ಕಿರೀಟ, ರಾಜಾರಾಮನಿಗೆ ಮುತ್ತು ಪೋಣಿಸಿದ ಪೇಟ. ಬಳ್ಳಿಗಾವಿಯ ಶಿಲ್ಪ ನೋಡಿ ಒಡವೆ ಮಾಡಿಸಿದರೆ ಹೇಗೆ ಅಂತಲೂ ಒಂದು ಸಲಹೆ ಬಂದಿದೆ. ತಿಳಿದವರು ಹೇಳಿ.

ಶಾಸನದ ಬೆನ್ನುಪುಟ
ಬಳ್ಳಿಗಾವಿ ಬೇಡ. ಅಲ್ಲಿನ ಕೇದಾರೇಶ್ವರ, ತ್ರಿಪುರಾಂತಕೇಶ್ವರ ಚಾಲುಕ್ಯ–ಹೊಯ್ಸಳ ಕಾಲದವು. ಚೆನ್ನಮ್ಮ ಆಳಿದ್ದು ಹದಿನೇಳನೆಯ ಶತಮಾನದ ಕೊನೆಯ ಕಾಲು ಭಾಗದಲ್ಲಿ. ನಡುವೆ ಐನೂರು ವರ್ಷ. ಊರು ಹತ್ತಿರ ಇದೆಯೆಂದು ಕಾಲ ಹತ್ತಿರವಾಗುವುದಿಲ್ಲ. ಅದೂ ಅಲ್ಲದೆ ದೇವಸ್ಥಾನದ ಮದನಿಕೆಯ ಮೈಮೇಲಿರುವುದು ಶಿಲ್ಪಿಯ ಲೆಕ್ಕದ ಒಡವೆ. ಕಲ್ಲಿನ ಬಳುಕಿಗೆ ಹೊಂದುವಂತೆ ಕೆತ್ತಿದ್ದು. ಹಾಗೇ ಉಟ್ಟು ತೊಟ್ಟು ಯಾರೂ ಓಡಾಡುತ್ತಿರಲಿಲ್ಲ.

ಇನ್ನೊಂದು ಮಾತು, ಹಿಂದಿನ ಪರದೆ ಬರೆಸುವ ಮುಂಚೆ: ಆ ಹೊತ್ತಿಗೆ ರಾಜಧಾನಿ ಕೆಳದಿಯೂ ಅಲ್ಲ, ಇಕ್ಕೇರಿಯೂ ಅಲ್ಲ. ಬಿದನೂರು, ಅಂದರೆ ಈಗಿನ ಹೊಸನಗರ ತಾಲೂಕಿನ ನಗರ.

ನಿಮ್ಮ ದೃಶ್ಯದ ದೊಡ್ಡ ತಪ್ಪು ರಾಣಿಯದ್ದಲ್ಲ, ರಾಜಾರಾಮನದ್ದು. 1689ರಲ್ಲಿ ಅವನಿಗೆ 19 ವರ್ಷ. ಅಣ್ಣ ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ್ದಾನೆ. ಇವನು ಈಗಿನ ತಮಿಳುನಾಡಿನ ಜಿಂಜಿ ಕೋಟೆಯ ಕಡೆ ತಪ್ಪಿಸಿಕೊಂಡು ಹೋಗುತ್ತಿದ್ದಾನೆ. ಬಂದದ್ದು ಲಿಂಗಾಯತ ಯಾತ್ರಿಕರ ವೇಷದಲ್ಲಿ. ಮುತ್ತಿನ ಪೇಟ ಹಾಕಿಕೊಂಡು ಬಂದಿದ್ದರೆ ಮೊಘಲರ ಕೈಗೆ ದಾರಿಯಲ್ಲೇ ಸಿಗುತ್ತಿದ್ದ. ಕಾವಿ ಬಟ್ಟೆ, ವಿಭೂತಿ, ಜೋಳಿಗೆ, ಕೈಯಲ್ಲಿ ಬೆತ್ತ, ಕೊರಳಲ್ಲಿ ಬಟ್ಟೆಯಲ್ಲಿ ಕಟ್ಟಿದ ಲಿಂಗ. ನಾಲ್ಕು ಜನರ ಪೇಟದ ಬಾಡಿಗೆಯೂ ಉಳಿಯಿತು.

ಕೊಪ್ಪು ಬುಗುಡಿ
ಒಡವೆಯ ಬಗ್ಗೆ. ಬಾಡಿಗೆ ಅಂಗಡಿಯವರು ‘ಹಳೇ ಕಾಲದ್ದು’ ಅಂತ ಕೊಡುವ ಕಾಸಿನ ಸರವನ್ನು ಹತ್ತಿರದಿಂದ ನೋಡಿ. ಹತ್ತರಲ್ಲಿ ಒಂಬತ್ತು ಸರದಲ್ಲಿ ವಿಕ್ಟೋರಿಯಾ ರಾಣಿಯ ಮುಖ ಇರುತ್ತದೆ. ಅವಳು ಪಟ್ಟಕ್ಕೆ ಬಂದದ್ದು 1837ರಲ್ಲಿ. ಚೆನ್ನಮ್ಮನ ಕೊರಳಲ್ಲಿ ವಿಕ್ಟೋರಿಯಾ!

ಕೆಳದಿಯವರದ್ದೇ ನಾಣ್ಯ ಇದೆ, ಇಕ್ಕೇರಿ ವರಹ. ಒಂದು ಮುಖದಲ್ಲಿ ಕೂತ ಶಿವ–ಪಾರ್ವತಿ, ಇನ್ನೊಂದರಲ್ಲಿ ನಾಗರಿಯಲ್ಲಿ ‘ಶ್ರೀ ಸದಾಶಿವ’. ತೂಕ ಸುಮಾರು 3.4 ಗ್ರಾಂ. ವಿಕ್ಟೋರಿಯಾ ಮುಖದ ಬ್ರಿಟಿಷ್ ಚಿನ್ನದ ನಾಣ್ಯ, ಪವನು, 22 ಮಿ.ಮೀ. ಅಗಲ, ಸುಮಾರು 8 ಗ್ರಾಂ. ವರಹ ಅದಕ್ಕಿಂತ ಬಹಳ ಚಿಕ್ಕದು, ದಪ್ಪನೆಯದು. ಅದಕ್ಕೇ ವರಹದ ಸರ ನೋಡಲಿಕ್ಕೆ ಬಿಲ್ಲೆ ಬಿಲ್ಲೆಯಾಗಿ ಕಾಣದೆ ಕಾಳು ಪೋಣಿಸಿದ ಹಾಗೆ ಕಾಣಬೇಕು.

ಮಾಡುವ ಬಗೆ: 0.4 ಮಿ.ಮೀ. ಹಿತ್ತಾಳೆ ತಗಡಿನಲ್ಲಿ 13 ಮಿ.ಮೀ. ಬಿಲ್ಲೆ ಒತ್ತಿಸಿ. 24 ಇಂಚಿನ ಸರಕ್ಕೆ ಒಂದರ ಮೇಲೊಂದು ಸ್ವಲ್ಪ ಕೂತರೆ 60 ಬಿಲ್ಲೆ ಬೇಕು, ಒಟ್ಟು 30 ಗ್ರಾಂ ಒಳಗೇ ಆಗುತ್ತದೆ. ಅಂಚಿನಿಂದ 1.5 ಮಿ.ಮೀ. ಬಿಟ್ಟು ತೂತು. ಅದಕ್ಕಿಂತ ಅಂಚಿಗೆ ಹೋದರೆ ತಗಡು ಹರಿಯುತ್ತದೆ. ತೂತಿನ ಬಾಯಿ ಅರದಿಂದ ಉಜ್ಜದಿದ್ದರೆ ದಾರ ಮೂರನೇ ತಾಲೀಮಿಗೇ ಕತ್ತರಿಸಿ 60 ಬಿಲ್ಲೆಯೂ ರಂಗದ ತುಂಬ. ಕಪ್ಪು ನೈಲಾನ್ ದಾರಕ್ಕಿಂತ ಎರಡೆಳೆ ಮೇಣ ಸವರಿದ ಹತ್ತಿ ದಾರ ಒಳ್ಳೆಯದು, ಪ್ರತಿ ಐದು ಬಿಲ್ಲೆಗೊಂದು ಗಂಟು. ಹೊಳಪು ಜಾಸ್ತಿ ಅನ್ನಿಸಿದರೆ ಹುಣಸೆಹಣ್ಣಿನಲ್ಲಿ ತಿಕ್ಕಬೇಡಿ, ಇನ್ನೂ ಹೊಳೆಯುತ್ತದೆ. ಒಂದು ವಾರ ಹಾಗೇ ಹೊರಗೆ ಬಿಡಿ. ಮಲೆನಾಡಿನ ಗಾಳಿಯೇ ಮಂಕು ಮಾಡುತ್ತದೆ.

ಉಳಿದದ್ದು: ಕೊರಳಿಗೆ ಅಡ್ಡಿಕೆ, ಕಿವಿಗೆ ಓಲೆ, ಮೇಲ್ಕಿವಿಗೆ ಬುಗುಡಿ, ತೋಳಿಗೆ ವಂಕಿ, ನಡುವಿಗೆ ಡಾಬು. ಇಷ್ಟು ಸಾಕು. ಕಿರೀಟ ಕೈಬಿಡಿ. ಡಾಬು ತಗಡಿನದ್ದಾದರೆ ಒಳಗೆ ಬಟ್ಟೆ ಪಟ್ಟಿ ಅಂಟಿಸಿ, ಇಲ್ಲದಿದ್ದರೆ ಸೀರೆಯ ನೂಲು ಕೀಳುತ್ತದೆ.

ಶಾಸನದ ಬೆನ್ನುಪುಟ
ಒಡವೆಗಿಂತ ಮುಖ್ಯವಾದದ್ದು ಕರಡಿಗೆ, ಅಂದರೆ ಇಷ್ಟಲಿಂಗ ಇಡುವ ಪುಟ್ಟ ಡಬ್ಬಿ. ಕೆಳದಿ ಅರಸರು ವೀರಶೈವರು. ಚೆನ್ನಮ್ಮನ ಎದೆಯ ಮೇಲೆ ಶಿವದಾರದಲ್ಲಿ ಬೆಳ್ಳಿ ಕರಡಿಗೆ ಇಲ್ಲದೆ ಉಳಿದ ಎಷ್ಟು ಸರ ಹಾಕಿದರೂ ಅವಳು ಯಾವುದೋ ನಾಡಿನ ರಾಣಿ. ಹಣೆಗೆ ಮೂರು ಬೆರಳಿನ ವಿಭೂತಿ. ರಂಗಕ್ಕೆ ಖಾಲಿ ಕರಡಿಗೆ ಸಾಕು, ಪೂಜೆಯಲ್ಲಿರುವುದನ್ನು ಯಾರಿಂದಲೂ ಕೇಳಿ ತರಬೇಡಿ. ಸರಗಳ ಅಡಿ ಹೂತುಹೋಗದ ಹಾಗೆ ದಾರದ ಉದ್ದ ಹೊಂದಿಸಿ: ಅಡ್ಡಿಕೆ ಮೇಲೆ, ನಡುವೆ ಕರಡಿಗೆ, ಅದರ ಕೆಳಗೆ ವರಹದ ಸರ.

ಜಡೆಬಿಲ್ಲೆ
ಒಂದು ಸಂಶಯ. ಗಂಡ ಸೋಮಶೇಖರ ನಾಯಕ ಹತನಾದ ಮೇಲೆ ಪಟ್ಟಕ್ಕೆ ಬಂದವಳು. ಹಾಗಿದ್ದ ಮೇಲೆ ಕುಂಕುಮ, ತಾಳಿ, ತಲೆತುಂಬ ಮಲ್ಲಿಗೆ, ಕೆಂಪು ಜರಿ ಸೀರೆ ಹಾಕಿ ಮದುಮಗಳ ಹಾಗೆ ಕೂರಿಸುವುದು ಸರಿಯೇ? ಹೆಚ್ಚಿನ ಸ್ತಬ್ಧಚಿತ್ರಗಳಲ್ಲಿ ಇದೇ ಆಗುತ್ತದೆ.

ಕೊಪ್ಪು ಬುಗುಡಿ
ತಾಳಿ, ಕುಂಕುಮ ಬೇಡ ಅನ್ನುವುದು ಒಪ್ಪಿದೆ. ಹಾಗಂತ ಬಿಳಿ ಸೀರೆ ಉಡಿಸಿ ಮೂಲೆಯಲ್ಲಿ ಕೂತ ಹೆಂಗಸಿನ ಹಾಗೆ ಮಾಡುವುದೂ ತಪ್ಪೇ. ಅವಳು ಒಡ್ಡೋಲಗದಲ್ಲಿ ಕೂತು ಔರಂಗಜೇಬನ ಮಾತಿಗೆ ಎದುರು ಹೇಳುವ ದೊರೆ. ಗಾಢ ಬಣ್ಣದ ಹತ್ತಿ ಸೀರೆ, ಅಗಲ ಅಂಚು, ವಿಭೂತಿ, ಬಿಗಿದ ತುರುಬು. ಹೂವನ್ನು ಸಖಿಯರಿಗೆ ಮುಡಿಸಿ.

ಕಸೆಯಂಗಿ
ಸೀರೆಗೆ ಬರ್ತೇನೆ. ಮೊದಲು ಒಂದು ಮಾತು: ನೆರಿಗೆ ಮುಂದೆ ಇಳಿಬಿಟ್ಟು ಸೆರಗು ಎಡ ಹೆಗಲಿಂದ ಹಿಂದಕ್ಕೆ ಎಸೆದು, ತೋಳು ಉಬ್ಬಿದ ರವಿಕೆ ತೊಟ್ಟ ‘ಹಳೇ ಕಾಲದ ರಾಣಿ’ ನಮ್ಮ ಕಣ್ಣಿಗೆ ಬಂದು ಕೂತದ್ದು ಕ್ಯಾಲೆಂಡರಿನಿಂದ. ರವಿವರ್ಮನ ಅಚ್ಚುಕೂಟ ಮುಂಬಯಿಯಲ್ಲಿ ಶುರುವಾದದ್ದು 1894ರಲ್ಲಿ. ಅಲ್ಲಿಂದ ಮನೆ ಮನೆಯ ಗೋಡೆಗೆ, ಗೋಡೆಯಿಂದ ನಾಟಕ ಕಂಪನಿಗೆ, ಅಲ್ಲಿಂದ ಟಿವಿಗೆ. ಕೆಳದಿಗೂ ಅದಕ್ಕೂ ಸಂಬಂಧ ಇಲ್ಲ.

ಉಡಿಸಬೇಕಾದ್ದು ಕಚ್ಚೆ. ಅದಕ್ಕೆ ಹದಿನೆಂಟು ಮೊಳ, ಅಂದರೆ 9 ಗಜ, 8.2 ಮೀಟರ್. ಅಂಗಡಿಯಲ್ಲಿ ಸಿಗುವ 5.5 ಮೀಟರಿನದ್ದು ಸಾಲುವುದಿಲ್ಲ. ಅದೇ ಬಣ್ಣದ, ಅದೇ ಪನ್ನದ ಸಾದಾ ಹತ್ತಿ ಬಟ್ಟೆ 2.7 ಮೀಟರ್ ತಂದು ಒಳತುದಿಗೆ ಜೋಡಿಸಿ. ಸೆರಗಿನ ಕಡೆ ಜೋಡಿಸಿದರೆ ಎದ್ದು ಕಾಣುತ್ತದೆ. ಹೊಲಿಗೆಯ ಅಂಚನ್ನು ಮಡಚಿ ಚಪ್ಪಟೆ ಕೂರಿಸಿ, ಗಂಟು ಗಂಟಾಗಿ ಬಿಟ್ಟರೆ ಸೊಂಟದಲ್ಲಿ ಒತ್ತುತ್ತದೆ.

ಉಡಿಸುವ ಕ್ರಮ:
1. ಸೊಂಟಕ್ಕೆ ಮೊದಲು ಒಂದು ಹತ್ತಿ ಲಾಡಿ ಬಿಗಿಯಾಗಿ ಕಟ್ಟಿ. ಒಳಗೆ ಮೊಣಕಾಲಿನವರೆಗಿನ ಚಡ್ಡಿ.
2. ಒಳತುದಿಯನ್ನು ಸುಮಾರು ಒಂದು ಮೀಟರ್ ಬಿಟ್ಟು, ಸೀರೆಯನ್ನು ಹಿಂದಿನಿಂದ ತಂದು ಹೊಕ್ಕುಳಿನ ಹತ್ತಿರ ಮೇಲಂಚುಗಳನ್ನು ಗಂಟು ಹಾಕಿ. ಇಡೀ ಉಡುಗೆ ನಿಲ್ಲುವುದು ಈ ಗಂಟಿನ ಮೇಲೆ.
3. ಉದ್ದ ತುದಿಯನ್ನು ಒಂದು ಸುತ್ತು ಬಳಸಿ ಹೆಗಲಿಗೆ ಹಾಕಿ. ಸೆರಗು ಹೆಗಲಿಂದ ಕೆಳಗೆ 1.25 ಮೀಟರ್ ಇರಲಿ. ಅದನ್ನು ಆಮೇಲೆ ನಡುವಿಗೆ ತಂದು ಸುತ್ತಿ ಸಿಕ್ಕಿಸಬೇಕು.
4. ಉಳಿದದ್ದಕ್ಕೆ ಗೇಣಗಲದ ನೆರಿಗೆ ಹಿಡಿದು ಲಾಡಿಯ ಒಳಗೆ ಸಿಕ್ಕಿಸಿ.
5. ನೆರಿಗೆಯ ನಡುವಿನ ಕೆಳಅಂಚನ್ನು ಹಿಡಿದು ಕಾಲುಗಳ ನಡುವಿನಿಂದ ಹಿಂದಕ್ಕೆ ಒಯ್ದು, ಸಣ್ಣ ನೆರಿಗೆ ಮಾಡಿ ಬೆನ್ನಹುರಿಯ ನೇರಕ್ಕೆ ಸಿಕ್ಕಿಸಿ.

ಕೆಡುವುದು ಎರಡೇ ಕಡೆ. ಹುಡುಗಿ ನೇರ ನಿಂತಾಗಲೇ ಕಚ್ಚೆ ಬಿಗಿ ಎಳೆದರೆ ಕೂತಾಗ ಗಂಟು ಬಿಚ್ಚುತ್ತದೆ. ಮೊಣಕಾಲು ಸ್ವಲ್ಪ ಬಗ್ಗಿಸಿ ನಿಲ್ಲಿಸಿ ಎಳೆಯಿರಿ. ಎರಡನೆಯದು ಸ್ಯಾಟಿನ್, ಪಾಲಿಯೆಸ್ಟರ್. ಅವು ಗಂಟು ಹಿಡಿಯುವುದೇ ಇಲ್ಲ. ಹತ್ತಿಯದ್ದನ್ನೂ ಹೊಸದಾಗಿಯೇ ಉಡಿಸಬೇಡಿ, ಗಂಜಿ ಹೋಗುವಂತೆ ಎರಡು ಸಲ ಒಗೆಯಿರಿ. ಉಡಿಸಿ ಆದ ಮೇಲೆ ಹತ್ತು ಸಲ ಕೂತು ಏಳಿಸಿ ನೋಡಿ.

ಸೇಫ್ಟಿ ಪಿನ್ನು ಕಂಡುಹಿಡಿದದ್ದು 1849ರಲ್ಲಿ. ಒಳಗೆ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ, ಆದರೆ ಹೆಗಲ ಮೇಲೆ ಹೊಳೆಯುವ ಹಾಗೆ ಬೇಡ.

ಕುಪ್ಪಸ: 80 ಸೆಂ.ಮೀ. ಖಣದ ಬಟ್ಟೆ ಸಾಕು. ಮುಂದೆ ಎದೆಯ ಕೆಳಗೆ ಗಂಟು ಬರಬೇಕು. ಬೆನ್ನಿಗೆ ಹುಕ್ಕು, ಜಿಪ್ಪು ಬೇಡ. ತೋಳು ಮೊಣಕೈಗಿಂತ ಮೇಲೆ, ಮೈಗಂಟಿದ ಹಾಗೆ.

ಸಾಗರದಂಚು
ಮಂತ್ರಿಗೆ ವಿಜಯನಗರದ ಉದ್ದ ಟೋಪಿ, ಕುಲಾವಿ, ಹಾಕಬಹುದಾ? ಲೇಪಾಕ್ಷಿಯ ಚಿತ್ರಗಳಲ್ಲಿ ಇದೆಯಲ್ಲ, ನೋಡಲಿಕ್ಕೆ ಗತ್ತು.

ಕಸೆಯಂಗಿ
ಹಾಕಬಹುದು. 25 ಸೆಂ.ಮೀ. ಎತ್ತರದ್ದು ಬೇಕಾದರೆ, ತಲೆಸುತ್ತು 57 ಸೆಂ.ಮೀ. ಇದ್ದವರಿಗೆ, 26.6 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದು ಅದರಲ್ಲಿ 123 ಡಿಗ್ರಿ ಕತ್ತರಿಸಿ. ಜೋಡಣೆಗೆ ಒಂದು ಸೆಂ.ಮೀ. ಜಾಸ್ತಿ. ಒಳಗೆ ಬಕ್ರಮ್, ಹೊರಗೆ ಕಸೂತಿ ಬಟ್ಟೆ. ತುದಿ ಚೂಪಾಗದೆ ಸ್ವಲ್ಪ ಗುಂಡಗಿರಬೇಕು, ಇಲ್ಲದಿದ್ದರೆ ಹುಟ್ಟುಹಬ್ಬದ ಟೋಪಿ.

ಶಾಸನದ ಬೆನ್ನುಪುಟ
ಕಸೆಯಂಗಿಯವರೇ, ಅಳತೆ ಸರಿ, ಕಾಲ ತಪ್ಪು. ಲೇಪಾಕ್ಷಿ ಹದಿನಾರನೆಯ ಶತಮಾನದ್ದು. ಕುಲಾವಿ, ಕಬಾಯಿ (ಉದ್ದನೆಯ ಅಂಗಿ) ಎರಡೂ ವಿಜಯನಗರದ ಆಸ್ಥಾನದ ಉಡುಪು. ಕೆಳದಿಯ ಹಿಂದಿನ ಅರಸ ಸದಾಶಿವ ನಾಯಕನ ಪಾತ್ರ ಇದ್ದರೆ ಧಾರಾಳವಾಗಿ ಹಾಕಿ, ಅವನು ವಿಜಯನಗರದ ಸಾಮಂತ. 1689ರ ಹೊತ್ತಿಗೆ ಆ ಆಸ್ಥಾನವೇ ಇಲ್ಲ. ಮಂತ್ರಿಗೆ ರುಮಾಲು.

ಗಂಡಸರ ನಿಲುವು, ನಡುಕಟ್ಟು ನೋಡಬೇಕಾದರೆ ಇಕ್ಕೇರಿಯ ಅಘೋರೇಶ್ವರಕ್ಕೆ ಹೋಗಿ. ನೆಲಹಾಸಿನ ಮೇಲೆ ನಮಸ್ಕಾರ ಮಾಡುತ್ತಿರುವ ಮೂವರು ನಾಯಕರ ಉಬ್ಬುಚಿತ್ರ ಇದೆ, ಮೇಲೆ ಹೆಸರು. ಜನ ತುಳಿದು ಸವೆದಿದೆ. ನೇರ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಟಾರ್ಚನ್ನು ನೆಲಕ್ಕೆ ಒರಗಿಸಿ ಅಡ್ಡಬೆಳಕು ಬಿಟ್ಟರೆ ಅಂಚುಗಳು ಏಳುತ್ತವೆ.

ಕಸೆಯಂಗಿ
ಒಪ್ಪಿದೆ. ಹಾಗಾದರೆ ಮಂತ್ರಿಗೆ ಕಸೆ (ಗುಂಡಿಯ ಬದಲು ಕಟ್ಟುವ ಲಾಡಿ) ಇರುವ ಅಂಗಿ, ಕಚ್ಚೆ ಪಂಚೆ, ನಡುಕಟ್ಟು, ರುಮಾಲು. ಅಂಗಿಗೆ 44 ಇಂಚು ಪನ್ನದ ಬಿಳಿ ಹತ್ತಿ 3.5 ಮೀಟರ್. ಹೊರಗಿನ ಮುಂಭಾಗ ಎದೆ ದಾಟಿ ಆಚೆ ಬದಿಯ ಹೊಲಿಗೆಯವರೆಗೆ ಹೋಗಬೇಕು. ಎರಡೂ ಭಾಗ ಸಮ ಅಗಲ ಕತ್ತರಿಸಿದರೆ ಕೈ ಎತ್ತಿದಾಗ ಎದೆ ಬಾಯಿ ಬಿಡುತ್ತದೆ. ಒಳಗೆ ಒಂದು ಜೊತೆ ಕಸೆ, ಹೊರಗೆ ಎರಡು ಜೊತೆ, ಕಂಕುಳಿಗೆ 10 ಸೆಂ.ಮೀ. ಚೌಕದ ತುಂಡು. ಅದು ಇಲ್ಲದೆ ಕತ್ತಿ ಎತ್ತಿದರೆ ತೋಳು ಹರಿಯುವುದು ಖಚಿತ.

ರುಮಾಲಿಗೆ 5 ಮೀಟರ್ ಮಲ್ ಬಟ್ಟೆ. ರಂಗದ ಹಿಂದೆ ಸುತ್ತುತ್ತಾ ಕೂರುವಷ್ಟು ಹೊತ್ತು ಇರುವುದಿಲ್ಲ. ಬಟ್ಟೆ ಟೋಪಿಯ ಮೇಲೆ ಮೊದಲೇ ಸುತ್ತಿ, ನಾಲ್ಕು ಕಡೆ ದಾರ ಹಾಕಿ ಇಟ್ಟುಕೊಳ್ಳಿ.

ಚೌಕಿಮನೆ
ಯಕ್ಷಗಾನದ ಮುಂಡಾಸು ಇದೆಯಲ್ಲ ಅಂತ ಯಾರಾದ್ರೂ ತಂದಾರು. ದಯವಿಟ್ಟು ಬೇಡ ಮಾರಾಯ್ರೆ. ಬಡಗುತಿಟ್ಟಿನ ಭುಜಕೀರ್ತಿ, ಎದೆಕಟ್ಟು, ವೀರಗಸೆ ಎಲ್ಲ ಹಗುರ ಮರದ ಮೇಲೆ ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸಿ, ದೂರದಿಂದ ದೀಪದ ಬೆಳಕಿಗೆ ಕಾಣಲಿ ಅಂತ ಮಾಡಿದ್ದು. ಅದರದ್ದೇ ಲೋಕ. ಇತಿಹಾಸದ ದೃಶ್ಯಕ್ಕೆ ತುಂಡು ತುಂಡಾಗಿ ತಂದ್ರೆ ಎರಡೂ ಕೆಡ್ತದೆ. ಮೇಕಪ್ಪಿಗೂ ಅಷ್ಟೇ: ತಿದ್ದಿದ ಹುಬ್ಬು, ಉಗುರಿನ ಬಣ್ಣ ತೆಗೆಸಿ. ವಿಭೂತಿ ಒಣಗಿದ್ದು ಹಚ್ಚಿದ್ರೆ ಬೆವರಿಗೆ ಹೋಗ್ತದೆ; ನೀರಲ್ಲಿ ಕಲಸಿ ಎಳೆದು, ಒಣಗಿದ ಮೇಲೆ ಇನ್ನೊಂದು ಸಲ ಎಳೀರಿ.

ಚೊಗರು
ಬಣ್ಣದ ವಿಷಯ ಯಾರೂ ಎತ್ತಿಲ್ಲ. ರಾಸಾಯನಿಕ ಬಣ್ಣದಲ್ಲಿ ಮೊದಲನೆಯದಾದ ನೇರಳೆ ಹುಟ್ಟಿದ್ದು 1856ರಲ್ಲಿ, ಲಂಡನ್ನಿನಲ್ಲಿ. ಅದಕ್ಕಿಂತ ಹಿಂದೆ ಬಣ್ಣ ಅಂದರೆ ನೀಲಿ ಗಿಡ, ಮಡ್ಡಿ ಬೇರು, ಮಂಜಿಷ್ಠ, ಪತಂಗದ ಚಕ್ಕೆ, ಅರಿಶಿನ, ಅಳಲೆಕಾಯಿ. ಹಾಗಾಗಿ ಕಣ್ಣು ಕುಕ್ಕುವ ಗುಲಾಬಿ, ತಿಳಿನೇರಳೆ, ಗಿಳಿಹಸಿರು ಮೂರನ್ನೂ ದೂರ ಇಟ್ಟರೆ ಅರ್ಧ ಕೆಲಸ ಆಯಿತು.

ಉಳಿದರ್ಧಕ್ಕೆ ನಮ್ಮಲ್ಲೇ ಅಡಿಕೆ ಚೊಗರು ಇದೆ, ಅಂದರೆ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕೆಂಪು ರಸ. ಹೆಗ್ಗೋಡಿನ ಚರಕದವರು ಕೈಮಗ್ಗದ ಬಟ್ಟೆಗೆ ಇದನ್ನು ಬಳಸುತ್ತಾರೆ. ಚೆನ್ನಮ್ಮನ ಸೀರೆಗೆ ಬೇಕಾದ ಕಂದುಗೆಂಪು ಇದರಲ್ಲಿ ಸಿಗುತ್ತದೆ.

8.2 ಮೀಟರಿನ ಹತ್ತಿ ಸೀರೆ ಸುಮಾರು 1 ಕೆ.ಜಿ. ತೂಗುತ್ತದೆ. ವಾಷಿಂಗ್ ಸೋಡಾದಲ್ಲಿ ಅರ್ಧ ಗಂಟೆ ಕುದಿಸಿ ಗಂಜಿ ತೆಗೆಯಿರಿ. 20 ಲೀಟರ್ ನೀರಿಗೆ 2 ಲೀಟರ್ ಗಟ್ಟಿ ಚೊಗರು, ಕೈ ಇಡಲಾಗದಷ್ಟು ಬಿಸಿ, ಕುದಿ ಬೇಡ. ಒದ್ದೆ ಸೀರೆಯನ್ನೇ ಇಳಿಸಿ. ಒಣ ಬಟ್ಟೆ ಇಳಿಸಿದರೆ ಮೊದಲು ತಾಗಿದ ಕಡೆ ಕಲೆ ನಿಲ್ಲುತ್ತದೆ. 45 ನಿಮಿಷ ಕೋಲಿನಲ್ಲಿ ತಿರುವುತ್ತಲೇ ಇರಬೇಕು. ತೆಗೆದು ನೆರಳಲ್ಲಿ ಒಣಗಿಸಿ. ಆಮೇಲೆ 150 ಗ್ರಾಂ ಪಟಿಕ ಕರಗಿಸಿದ ನೀರಲ್ಲಿ ಒಂದು ಗಂಟೆ, ಹಿಂಡಿ, ಮತ್ತೆ ಚೊಗರಿಗೆ. ಎರಡನೇ ಸಲಕ್ಕೆ ಬಣ್ಣ ಕೂರುತ್ತದೆ.

ಕಬ್ಬಿಣದ ಬಾಣಲೆ ಮುಟ್ಟಬೇಡಿ, ಇಡೀ ಸೀರೆ ಮಸಿಬಣ್ಣಕ್ಕೆ ಹೋಗುತ್ತದೆ. ಸ್ಟೀಲ್ ಅಥವಾ ತಾಮ್ರ. ಗೇಣುದ್ದದ ಚೂರಿನಲ್ಲಿ ಮೊದಲು ಪರೀಕ್ಷೆ ಮಾಡಿ. ಒಂದು ಮನೆಯ ಚೊಗರಿನ ಹಾಗೆ ಇನ್ನೊಂದು ಮನೆಯದು ಇರುವುದಿಲ್ಲ. ಅಂಚನ್ನು ಬಣ್ಣ ಹಾಕಿದ ಮೇಲೆ ಹೊಲಿಯಿರಿ.

ರಾಜಾರಾಮನ ಕಡೆಯವರ ಕಾವಿ ಬೇರೆ ಕಥೆ. ಕಾವಿಮಣ್ಣು ಬಣ್ಣವಲ್ಲ, ಪುಡಿ. ನೂಲಿನೊಳಗೆ ಇಳಿಯುವುದಿಲ್ಲ, ಮೇಲೆ ಕೂರುತ್ತದೆ. ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ, ತೆಳು ಗಂಜಿಯಲ್ಲಿ ಕಲಸಿ ಅದ್ದಿ. ಒಣಗಿದ ಮೇಲೆ ಜೋರಾಗಿ ಕೊಡವಿ. ಆದರೂ ತಾಗಿದ್ದಕ್ಕೆಲ್ಲ ಹತ್ತುತ್ತದೆ, ಆದ್ದರಿಂದ ಅವನು ರಾಣಿಯ ಕಾಲಿಗೆ ಬೀಳುವ ನಡೆ ಇದ್ದರೆ ಒಂದು ಮೊಳ ದೂರ ಬೀಳಲಿ.

ಹಾಳೆಟೊಪ್ಪಿ
ಎಲ್ಲರೂ ಅರಮನೆ ಒಳಗೇ ಇದ್ದೀರಿ. ನಾಲ್ಕು ಕಾವಲುಗಾರರಿಗೆ ಎಂತ? ಬಾಡಿಗೆ ಅಂಗಡಿಯ ರೋಮನ್ ಹೆಲ್ಮೆಟ್ಟು ಕೊಟ್ಟುಬಿಡ್ತಾರೆ, ನೋಡ್ಕೊಳ್ಳಿ. ರಾಜಾರಾಮ ಈ ಕಡೆ ಬಂದದ್ದು ಮಳೆಗಾಲ ಮುಗಿಯುವ ಹೊತ್ತು. ಘಟ್ಟದ ದಾರಿ ಕಾಯುವವನಿಗೆ ಕಂಬಳಿ ಬೇಕೇ ಬೇಕು. ಮೊಣಕಾಲಿನ ಚಲ್ಲಣ, ನಡುಕಟ್ಟು, ಅದರಲ್ಲಿ ಕತ್ತಿ, ಮೇಲೆ ಕಂಬಳಿ ಕೊಪ್ಪೆ. ಕರಿ ಕಂಬಳಿಯನ್ನು ಅಡ್ಡಕ್ಕೆ ಎರಡು ಮಡಿಕೆ ಮಾಡಿ, ಮಡಿಕೆ ಬಂದ ಕಡೆಯ ಒಂದು ಮೂಲೆಯನ್ನು ಒಳಕ್ಕೆ ಒತ್ತಿ ಗೂಡು ಮಾಡಿದ್ರೆ ತಲೆಗೆ ಕೂರ್ತದೆ. ಕುಣಿಯುವವರಿಗಾದ್ರೆ ಗಲ್ಲದ ಹತ್ತಿರ ಎರಡು ಹೊಲಿಗೆ ಹಾಕಿ. ಅಂಗಡಿಯ ಬಣ್ಣದ ಉಲ್ಲನ್ ಶಾಲು ಆಗೂದಿಲ್ಲ, ಅದು ಮೈಗೆ ಜೋತುಬೀಳ್ತದೆ. ಕುರಿ ಕಂಬಳಿ ಮಾತ್ರ ಸೆಟೆದು ನಿಲ್ಲೂದು.

ಹೊರೆ ಹೊತ್ತವರು ಯಾರಾದ್ರೂ ಇದ್ರೆ ಅವರಿಗೆ ಹಾಳೆಟೊಪ್ಪಿ. ಅಡಿಕೆ ಹಾಳೆ ಒಣಗಿದ್ದನ್ನು ಒಂದು ರಾತ್ರಿ ನೀರಲ್ಲಿ ಮುಳುಗಿಸಿ, ತುದಿಯ ಗಟ್ಟಿ ಭಾಗ ತೆಗೆದು, ಒದ್ದೆ ಇರುವಾಗಲೇ ಮಡಚಿ ತಲೆಯಳತೆಯ ಪಾತ್ರೆ ಕವುಚಿ ಅದರ ಮೇಲೆ ಕಟ್ಟಿ ಒಣಗಿಸಿ. ಅರ್ಧ ಒಣಗಿದ ಮೇಲೆ ಮಡಚಿದ್ರೆ ಸೀಳ್ತದೆ. ಒಣಗಿದಾಗ ಕುಗ್ತದೆ, ಪಾತ್ರೆ ಒಂದು ಬೆರಳು ದೊಡ್ಡದೇ ಇರಲಿ.

ಜಡೆಬಿಲ್ಲೆ
ಕೋಲಾಟದ ಹುಡುಗಿಯರಿಗೆ ಒಳ್ಳೆಯ ಆಧಾರ ಇದೆ. ಇಟಲಿಯ ಪಿಯೆತ್ರೊ ಡೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಗೆ ಬಂದವನು, ಬೀದಿಯಲ್ಲಿ ಹುಡುಗಿಯರು ಗೇಣುದ್ದದ ಬಣ್ಣದ ಕೋಲು ಹೊಡೆಯುತ್ತಾ ಕುಣಿದದ್ದನ್ನು ಬರೆದಿದ್ದಾನೆ. ತಲೆಯ ಮೇಲೆ ಹಳದಿ, ಬಿಳಿ ಹೂವಿನ ಎತ್ತರದ ಕಟ್ಟು, ಕೆಲವು ಹೂವು ಸೂರ್ಯನ ಕಿರಣದ ಹಾಗೆ ಹೊರಕ್ಕೆ ಚಾಚಿಕೊಂಡಿದ್ದವು ಅನ್ನುತ್ತಾನೆ. ದೃಶ್ಯಕ್ಕಿಂತ 66 ವರ್ಷ ಹಿಂದಿನದ್ದು, ಆದರೂ ಇದೇ ನಾಡು.

ಮಾಡಲಿಕ್ಕೆ: ಬಾಳೆಪಟ್ಟೆಯನ್ನು ನಾಲ್ಕು ಬೆರಳಗಲ ಸೀಳಿ ಬಳೆಯಾಗಿಸಿ, ಸುತ್ತ ಸೇವಂತಿಗೆ ಕಟ್ಟಿ. ಕಿರಣಕ್ಕೆ ತೆಂಗಿನಗರಿಯ ಕಡ್ಡಿ, ಗೇಣುದ್ದ, ತುದಿಗೆ ಒಂದು ಹೂವು. ಕಡ್ಡಿಯ ಚೂಪು ಒಳಗಿನಿಂದ ತಲೆಗೆ ಚುಚ್ಚದ ಹಾಗೆ ಬುಡ ಬಗ್ಗಿಸಿ ಕಟ್ಟಿ. ಸುರಗಿ ಸಿಕ್ಕಿದರೆ ಬಹಳ ಚೆಂದ, ಆದರೆ ಅದು ಬೇಸಿಗೆಯ ಮೊದಲಿಗೆ ಮಾತ್ರ.

ಸಾಗರದಂಚು
ರಾಜಾರಾಮನ ವೇಷದ ವಿಷಯ ಕೇಳಿ ನಿರ್ದೇಶಕರು ದೃಶ್ಯದ ಆರಂಭವನ್ನೇ ಬದಲಿಸುತ್ತಿದ್ದಾರೆ. ಒಂದು ಪ್ರಶ್ನೆ: ಕೋಲಾಟದ ಎಂಟು ಜನಕ್ಕೂ ಕಚ್ಚೆ ಉಡಿಸಲು ಎಷ್ಟು ಹೊತ್ತು ಹಿಡಿದೀತು?

ಕಸೆಯಂಗಿ
ಕೈ ಕೂತವರು ಒಬ್ಬರಿಗೆ 12 ನಿಮಿಷ. ಹೊಸಬರಾದರೆ 25. ಉಡಿಸುವವರು ಇಬ್ಬರೇ ಇದ್ದರೆ ನಾಲ್ಕೂವರೆಗೇ ಶುರು ಮಾಡಿ, ಚೆನ್ನಮ್ಮನದ್ದು ಕೊನೆಗೆ. ಉಡಿಸಿದ ಮೇಲೆ ಯಾರಿಗೂ ಎಳನೀರು ಕೊಡಬೇಡಿ, ಕಚ್ಚೆ ಬಿಚ್ಚಿ ಕಟ್ಟಲಿಕ್ಕೆ ಇನ್ನೊಂದು 12 ನಿಮಿಷ.

ಚೊಗರು
ಮತ್ತೆ ರಾತ್ರಿ ಮುಗಿದ ಮೇಲೆ ಇಬ್ಬನಿ ಹಿಡಿದ ಬಟ್ಟೆಯನ್ನು ಹಾಗೇ ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ. ನಮ್ಮ ಕಡೆ ನಾಲ್ಕು ದಿನಕ್ಕೆ ಬೂಷ್ಟು ಬರುತ್ತದೆ, ಕಾವಿಯ ಪುಡಿ ಚೊಗರಿನ ಸೀರೆಗೂ ಅಂಟಿಕೊಳ್ಳುತ್ತದೆ. ಎರಡನ್ನೂ ಬೇರೆ ಬೇರೆ ಹಗ್ಗಕ್ಕೆ ಹಾಕಿ.